ಮಾದರಿ ಮನೆ

ಟಿವಿ ಮೀಟರ್ ಕೂರಿಸಲು ಬಂದವನು ಹೊಸ್ತಿಲಲ್ಲೇ ನಿಂತು, ಕೈಯಲ್ಲಿದ್ದ ಟ್ಯಾಬ್ ನೋಡುತ್ತ ಕೇಳಿದ. "ಮನೇಲಿ ಎಷ್ಟು ಜನ?"

"ಇಬ್ಬರು," ಅಂದ ಕೊಟ್ರೇಶ.

"ಮಕ್ಕಳು?"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಕೊಟ್ರೇಶ ಒಮ್ಮೆ ಅತ್ತ ನೋಡಿ, "ಇಲ್ಲ," ಅಂದ.

"ಒಳ್ಳೇದೇ ಆಯ್ತು ಬಿಡಿ. ಮಕ್ಕಳಿಲ್ಲದ ಮನೆ ಒಂದು ಬೇಕಿತ್ತು ನಮಗೆ. ಈ ಕಡೆ ಸಿಗೋದೇ ಇಲ್ಲ," ಎನ್ನುತ್ತ ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಕೊಟ್ರೇಶ ಹರಿಹರದಲ್ಲಿ, ತುಂಗಭದ್ರೆಯ ದಡದ ನೀರು ಸರಬರಾಜು ಪಂಪ್‌ಹೌಸಿನಲ್ಲಿ ಆಪರೇಟರ್. ಹೆಂಡತಿ ದಾಕ್ಷಾಯಣಿ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಬ್ಬಳೇ ಮಗಳು ಭುವನಾ ಅದೇ ಶಾಲೆಯಲ್ಲಿ ಮೂರನೇ ತರಗತಿ. ಹಿಂದಿನ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರಿತು. ಹುಡುಗಿ ತೀರಿಹೋದಳು. ಸ್ವಲ್ಪ ಕಾಲ ಕಳೆದ ಮೇಲೆ ದಾಕ್ಷಾಯಣಿ ಮತ್ತೆ ಕೆಲಸಕ್ಕೆ ಹೋದಳು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದರು. ಮೂರನೇ ತರಗತಿಯ ಸಾಲು ಬಂದಾಗ ಅವಳು ಎತ್ತಿದ ಸೌಟನ್ನು ಇಳಿಸಲೇ ಇಲ್ಲ. ಸಾಂಬಾರು ಮುಂಗೈ ಮೇಲೆ ಹರಿದು ಮೊಣಕೈವರೆಗೆ ಇಳಿದರೂ ಅವಳಿಗೆ ಗೊತ್ತಾಗಲಿಲ್ಲ. ಹೆಡ್‌ಮಾಸ್ಟರೇ ಮನೆಗೆ ಕರೆತಂದು ಬಿಟ್ಟರು. ಆಮೇಲೆ ಅವಳು ಶಾಲೆಯ ಕಡೆ ಕಾಲಿಡಲಿಲ್ಲ.

ಮೀಟರಿನವನು ಟಿವಿಯ ಪಕ್ಕ ಸಣ್ಣದೊಂದು ಕಪ್ಪು ಡಬ್ಬಿ ಇಟ್ಟ. ಇಬ್ಬರ ಮಣಿಕಟ್ಟಿಗೂ ರಬ್ಬರಿನ ಪಟ್ಟಿ ಕಟ್ಟಿದ. ಇದರ ವಿಷಯ ಯಾರಿಗೂ ಹೇಳಬಾರದು, ನಿಮ್ಮ ಮನೆಯಲ್ಲಿ ಮೀಟರ್ ಇದೆ ಅಂತ ಟಿವಿಯವರಿಗೆ ಗೊತ್ತಾದರೆ ನಿಮ್ಮನ್ನು ತೆಗೆಯಬೇಕಾಗುತ್ತದೆ, ಅಂದ. ಸಂಜೆ ಹೊತ್ತು ಟಿವಿ ಹಚ್ಚಿ ಕೂತರೆ ಸಾಕು, ಬೇರೇನೂ ಮಾಡಬೇಕಿಲ್ಲ.

ಯಾರು ಯಾವ ಚಾನೆಲ್ ನೋಡುತ್ತಾರೆ ಎಂಬ ಈ ಲೆಕ್ಕ ಹಿಂದೆ ಬೇರೆ ರೀತಿ ನಡೆಯುತ್ತಿತ್ತು. ಕಾರ್ಯಕ್ರಮದ ಸದ್ದಿನೊಳಗೆ ಮನುಷ್ಯರ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಿದ್ದರು. ಡಬ್ಬಿ ಅದನ್ನು ಕೇಳಿಸಿಕೊಂಡು ಯಾವ ಚಾನೆಲ್ ಓಡುತ್ತಿದೆ ಎಂದು ತಿಳಿಯುತ್ತಿತ್ತು. ಮನೆಯವರು ಟಿವಿ ಮುಂದೆ ಕೂತಾಗ ರಿಮೋಟಿನಲ್ಲಿ ತಮ್ಮ ತಮ್ಮ ಗುಂಡಿ ಒತ್ತಬೇಕಿತ್ತು. ಜನ ಮರೆಯುತ್ತಿದ್ದರು. ಅಜ್ಜನ ಗುಂಡಿಯನ್ನು ಮೊಮ್ಮಗ ಒತ್ತುತ್ತಿದ್ದ. ಖಾಲಿ ಕೋಣೆಯಲ್ಲಿ ಓಡುವ ಟಿವಿಗೂ ಪ್ರೇಕ್ಷಕರು ಸಿಗುತ್ತಿದ್ದರು. ಎಲ್ಲ ಮನೆಗೂ ಡಬ್ಬಿ ಇಡಲಾಗದ ಕಾರಣ ಆಯ್ದ ಕೆಲವು ಮನೆಗಳಲ್ಲಿ ಮಾತ್ರ ಇಡುತ್ತಿದ್ದರು. ಅಂಥ ಒಂದೊಂದು ಮಾದರಿ ಮನೆಯೂ ಸಾವಿರಾರು ಮನೆಗಳ ಪರವಾಗಿ ನೋಡುತ್ತಿತ್ತು.

ದೃಶ್ಯಾಂಕ ಎಂಬ ಕಂಪನಿ ಗುಂಡಿಯ ಜಾಗಕ್ಕೆ ಪಟ್ಟಿಯನ್ನು ತಂದಿತು. ಪಟ್ಟಿ ನಾಡಿ, ಬೆವರು, ಉಸಿರು ಮೂರನ್ನೂ ಓದುತ್ತದೆ. ಕೂತವರು ಯಾರು ಎಂಬುದರ ಜೊತೆಗೆ, ಪರದೆಯ ಮೇಲಿನದು ಅವರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನೂ ಹೇಳುತ್ತದೆ. ಆ ಸಂಖ್ಯೆಗೆ ಅವರು ಹಿಡಿತಾಂಕ ಎಂದು ಹೆಸರಿಟ್ಟರು. ಗುರುವಾರ ಗುರುವಾರ ಅದು ಚಾನೆಲ್‌ಗಳಿಗೆ ಹೋಗುತ್ತಿತ್ತು. ಜಾಹೀರಾತುಗಳು ಅದರ ಹಿಂದೆ ಹೋಗುತ್ತಿದ್ದವು.

ಅಷ್ಟು ಹೊತ್ತಿಗೆ ಧಾರಾವಾಹಿಗಳಲ್ಲಿ ನಟರು ಉಳಿದಿರಲಿಲ್ಲ. ಮುಖ, ದನಿ, ಮನೆ, ಮದುವೆ ಎಲ್ಲವನ್ನೂ ಯಂತ್ರವೇ ಕಟ್ಟುತ್ತಿತ್ತು. ಒಂದು ದೊಡ್ಡ ಚಾನೆಲ್ ತನ್ನ ಸಂಜೆ ಏಳೂವರೆಯ ಧಾರಾವಾಹಿಯ ಯಂತ್ರಕ್ಕೆ ಹಿಡಿತಾಂಕವನ್ನು ನೇರವಾಗಿ ಜೋಡಿಸಿತು. ಗುರುವಾರದವರೆಗೆ ಕಾಯುವುದೇ ಬೇಡ. ಕಂತು ಓಡುತ್ತಿರುವಾಗಲೇ ಯಂತ್ರ ಸಂಖ್ಯೆ ನೋಡುತ್ತದೆ, ಮುಂದಿನ ನಿಮಿಷ ಏನಾಗಬೇಕೆಂದು ತೀರ್ಮಾನಿಸುತ್ತದೆ. ಕರಾವಳಿಗೆ ಒಂದು ಕಥೆ, ಮೈಸೂರು ಕಡೆಗೆ ಒಂದು, ದಾವಣಗೆರೆ ಹರಿಹರದ ಕಡೆಗೆ ಇನ್ನೊಂದು. ಯಾವ ಭಾಗದ ಮಾದರಿ ಮನೆಗಳೋ ಆ ಭಾಗದ ಕಥೆ.

*

ದಾಕ್ಷಾಯಣಿಗೆ ಟಿವಿಯ ಹುಚ್ಚಿರಲಿಲ್ಲ. ಹಚ್ಚಬೇಕು ಅಂದಿದ್ದಾರೆಂದು ಹಚ್ಚಿ, ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಧಾರಾವಾಹಿಯಲ್ಲಿ ಯಾರೋ ಅಣ್ಣತಮ್ಮಂದಿರ ದೊಡ್ಡ ಮನೆ, ಆಸ್ತಿ ಜಗಳ. ಒಂದು ಸಂಜೆ ಆ ಮನೆಯ ನಡುಮನೆಯಲ್ಲಿ ಎಲ್ಲರೂ ಕೂಗಾಡುತ್ತಿರುವಾಗ, ಅಡುಗೆಯವಳ ಮಗಳೊಬ್ಬಳು ಚಹಾದ ತಟ್ಟೆ ಹಿಡಿದು ಹಿಂದಿನಿಂದ ಹಾದುಹೋದಳು. ಮಾತಿಲ್ಲ, ಕತೆಯಿಲ್ಲ. ತಟ್ಟೆ ಭಾರವಾಗಿ ತುಟಿ ಕಚ್ಚಿಕೊಂಡಿದ್ದಳು, ಅಷ್ಟೆ. ದಾಕ್ಷಾಯಣಿ ಕಾಯಿ ಸುಲಿಯುವುದನ್ನು ಬಿಟ್ಟು ತಲೆಯೆತ್ತಿದಳು.

ಮರುದಿನ ಆ ಹುಡುಗಿ ಮತ್ತೆ ಬಂದಳು. ಅವಳಿಗೆ ಇಂಚರಾ ಎಂಬ ಹೆಸರೂ ಬಂದಿತ್ತು.

ಬೆಂಗಳೂರಿನಲ್ಲಿ ದೃಶ್ಯಾಂಕದ ನಿಯಂತ್ರಣ ಕೋಣೆಯಲ್ಲಿ ಮಧ್ಯ ಕರ್ನಾಟಕದ ಹಿಡಿತಾಂಕದ ಗೆರೆ ಮೇಲೇರುವುದನ್ನು ಮೊದಲು ಕಂಡವಳು ಜೆಸಿಂತಾ ಲೋಬೋ. ಮಂಗಳೂರಿನವಳು, ಸಂಖ್ಯಾಶಾಸ್ತ್ರ ಓದಿದವಳು. ಮಾದರಿ ಮನೆಗಳ ಅಂಕಿಗಳು ಸರಿಯಾಗಿ ಬರುತ್ತಿವೆಯೇ ಎಂದು ಕಾಯುವುದು ಅವಳ ಕೆಲಸ. ಅವಳ ಮೇಲಧಿಕಾರಿ ಸುದರ್ಶನ ಹೆಬ್ಬಾರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಏನು ಮಾಡ್ತಿದೆ ಅಲ್ಲಿ?"

"ಒಂದು ಮಗು ಸರ್. ಯಂತ್ರ ಅದನ್ನ ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸ್ತಿದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಹಾಕಿ ಹಾಕಿ ನೋಡ್ತಾರಲ್ಲ, ಇದು ಚೆನ್ನಾಗಿ ಕಾಣುತ್ತಾ, ಅದಾ ಅಂತ, ಹಾಗೆ. ದನಿ ಸ್ವಲ್ಪ ಒಡಕು ಮಾಡುತ್ತೆ. ಸಂಖ್ಯೆ ಏರಿದರೆ ಅದನ್ನ ಇಟ್ಟುಕೊಳ್ಳುತ್ತೆ. ಇಳಿದರೆ ಬಿಡುತ್ತೆ. ಮೂಗು, ನಗು, ನಡೆಯೋ ರೀತಿ ಎಲ್ಲ ಹೀಗೇ."

"ಯಾರ ಸಂಖ್ಯೆ?"

"ಹೆಚ್ಚಾಗಿ ಒಂದೇ ಮನೆಯದು. ಉಳಿದವರು ಮೊಬೈಲ್ ಹಿಡಿದು ಅರ್ಧಂಬರ್ಧ ನೋಡ್ತಾರೆ, ಅವರ ಗೆರೆ ಮಲಗಿರುತ್ತೆ. ಈ ಮನೆಯಲ್ಲಿ ಒಬ್ಬರು ಮಾತ್ರ ಹೀಗೆ ಏಳ್ತಾರೆ. ಯಂತ್ರ ಎದ್ದವರ ಮಾತನ್ನೇ ಕೇಳುತ್ತೆ."

"ಕೇಳಲಿ," ಅಂದ ಹೆಬ್ಬಾರ. ಆ ಗುರುವಾರ ಚಾನೆಲ್‌ನವರು ಅವನಿಗೆ ಫೋನ್ ಮಾಡಿ ಅಭಿನಂದಿಸಿದರು.

*

ಇಂಚರಾಳ ಮುಂದಿನ ಹಲ್ಲುಗಳ ನಡುವೆ ಸಂದು ಬಂತು. ಜಡೆಯ ಒಂದು ರಿಬ್ಬನ್ ಯಾವಾಗಲೂ ಸಡಿಲವಾಗತೊಡಗಿತು. ಓಡುವಾಗ ಎಡಗೈಯಿಂದ ಲಂಗವನ್ನು ಒಂದು ಪಕ್ಕ ಎತ್ತಿ ಹಿಡಿಯಲು ಕಲಿತಳು. ದಾಕ್ಷಾಯಣಿ ಏಳೂವರೆಗೆ ಮುಂಚೆ ಮುಖ ತೊಳೆದು, ಬೇರೆ ಸೀರೆ ಉಟ್ಟು ಕೂರತೊಡಗಿದಳು. ಕೊಟ್ರೇಶ ಏನೂ ಕೇಳಲಿಲ್ಲ. ಹೆಂಡತಿ ಮತ್ತೆ ತಲೆ ಬಾಚಿಕೊಳ್ಳುತ್ತಿದ್ದಾಳೆ, ಮತ್ತೆ ಉಣ್ಣುತ್ತಿದ್ದಾಳೆ ಎಂಬುದೇ ಅವನಿಗೆ ಸಾಕಾಗಿತ್ತು.

ಒಂದು ಸಂಜೆ ಅವನು ಪಂಪ್‌ಹೌಸಿನಿಂದ ಬಂದು ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ. ಹೊರಗಿನಿಂದ ದನಿ ಕೇಳಿತು: "ಅವ್ವಾ, ನಂಗೊಂಚೂರು."

ಸೋಪು ಹತ್ತಿದ ಕೈಯಲ್ಲೇ ಅವನು ಹೊರಗೆ ಬಂದ. ಪರದೆಯ ಮೇಲೆ ಭುವನಾ ಕೂತು ಅಡುಗೆಯವಳ ಕೈಯಿಂದ ಬೆಲ್ಲ ಇಸಿದುಕೊಳ್ಳುತ್ತಿದ್ದಳು. ಕೆಳಗೆ ಕೂತ ದಾಕ್ಷಾಯಣಿಯ ಕೈ ಅರ್ಧ ಮುಂದೆ ಬಂದಿತ್ತು.

"ದಾಕ್ಷಾಯಣಿ," ಅಂದ ಅವನು.

"ಮಾತಾಡಬ್ಯಾಡ್ರಿ. ಇನ್ನ ಸ್ವಲ್ಪ ಹೊತ್ತು ಐತೆ ಅಷ್ಟೆ."

ಅವನು ಬಾಗಿಲಿಗೆ ಒರಗಿ ಕೊನೆಯವರೆಗೂ ನಿಂತ. ನೊರೆ ಕೈಮೇಲೇ ಒಣಗಿತು. ಅಕ್ಕಪಕ್ಕದವರೂ ಹೇಳತೊಡಗಿದ್ದರು, ಟಿವಿಯಲ್ಲಿ ಬರೋ ಹುಡುಗಿ ಥೇಟ್ ನಿಮ್ಮ ಭುವಿ ಥರಾನೇ ಇದ್ದಾಳಲ್ಲ ಅಂತ. ಇಡೀ ಊರಿಗೆ ಆ ಹುಡುಗಿಯೆಂದರೆ ಅಚ್ಚುಮೆಚ್ಚಾಗಿತ್ತು. ಬ್ಯಾಂಗಲ್ ಅಂಗಡಿಗಳಲ್ಲಿ ಇಂಚರಾ ರಿಬ್ಬನ್ ಬಂದಿತ್ತು.

ಆದರೆ ದಿನಾ ಕಂಡ ಮಗು ತಾಯಿಗೆ ನೆಮ್ಮದಿ ಕೊಡುತ್ತದೆ, ನೆಮ್ಮದಿಯಲ್ಲಿ ನಾಡಿ ಸಮವಾಗುತ್ತದೆ. ದಾಕ್ಷಾಯಣಿಯ ಗೆರೆ ಮೆಲ್ಲಗೆ ಮಟ್ಟಸವಾಯಿತು. ಸಂತೋಷ ಯಾವುದು, ದಿಗಿಲು ಯಾವುದು ಎಂದು ಯಂತ್ರಕ್ಕೆ ತಿಳಿಯದು. ಅದಕ್ಕೆ ತಿಳಿದಿರುವುದು ಏರುವುದು, ಇಳಿಯುವುದು. ಅದು ಮತ್ತೆ ಹುಡುಕಾಟಕ್ಕೆ ತೊಡಗಿತು. ಇಂಚರಾಳನ್ನು ಜಾತ್ರೆಗೆ ಕಳಿಸಿತು, ಏರಲಿಲ್ಲ. ಬಹುಮಾನ ಕೊಡಿಸಿತು, ಏರಲಿಲ್ಲ. ಒಂದು ಸಂಜೆ ಅಡುಗೆಯವಳು ಮಗಳ ಹಣೆ ಮುಟ್ಟಿ, "ಮೈ ಬೆಚ್ಚಗೈತಲ್ಲ," ಅಂದಳು.

ಜೆಸಿಂತಾಳ ಮುಂದಿನ ಗೆರೆ ಪರದೆಯ ಮೇಲಂಚಿಗೆ ಹೋಗಿ ಬಡಿಯಿತು.

ಅಂದಿನಿಂದ ಇಂಚರಾಳಿಗೆ ಜ್ವರ. ಇಳಿಯುತ್ತಿತ್ತು, ಏರುತ್ತಿತ್ತು. ಕಂತಿನ ಕೊನೆಗೆ ಕಣ್ಣು ಮೇಲಾಗುತ್ತಿತ್ತು, ಮರುದಿನ ಗಂಜಿ ಕುಡಿದು ನಗುತ್ತಿದ್ದಳು, ಅದರ ಮರುದಿನ ಮತ್ತೆ ನಡುಗುತ್ತಿದ್ದಳು. ದಾವಣಗೆರೆಯಿಂದ ರಾಣೆಬೆನ್ನೂರಿನವರೆಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರು. ದಾಕ್ಷಾಯಣಿ ಅಳಲಿಲ್ಲ. ಟಿವಿಯ ಮುಂದೆ ಮೊಣಕಾಲೂರಿ, ಮಗಳು ಆಸ್ಪತ್ರೆಯಲ್ಲಿದ್ದಾಗ ಹೇಗೆ ಕೂತಿದ್ದಳೋ ಹಾಗೇ ಕೂತು ನೋಡಿದಳು. ಉಣ್ಣುವುದು ನಿಂತುಹೋಯಿತು.

*

"ಈ ಮನೆಯನ್ನ ಮಾದರಿಯಿಂದ ಕೈಬಿಡಬೇಕು ಸರ್," ಅಂದಳು ಜೆಸಿಂತಾ. "ಈ ನಾಡಿ ನೋಡಿ. ಕಂತು ಶುರುವಾಗೋ ಮೊದಲೇ ಓಡ್ತಾ ಇದೆ. ನಡುನಡುವೆ ತಪ್ಪುತ್ತಿದೆ. ಯಾರೋ ಇಲ್ಲಿ ಕಷ್ಟಪಡ್ತಿದ್ದಾರೆ."

"ನಾವು ಅಳೆಯೋರು ಕಣಮ್ಮ," ಅಂದ ಹೆಬ್ಬಾರ. "ಥರ್ಮಾಮೀಟರು ಜ್ವರ ತರಿಸೋದಿಲ್ಲ."

"ಇದು ತರಿಸ್ತಿದೆ."

"ಹಾಗಂತ ಬರೆದುಕೊಡ್ತೀಯಾ? ಒಂದು ಮನೆಯ ನಾಡಿ ಇಡೀ ಪ್ರಾಂತ್ಯದ ಕತೆ ನಡೆಸ್ತಿದೆ ಅಂತ? ನಾಳೆ ನಮ್ಮ ಸಂಖ್ಯೆಯನ್ನ ಯಾರು ನಂಬ್ತಾರೆ?"

ಅವಳು ಬರೆದುಕೊಡಲಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಆ ಮನೆಯ ಪಟ್ಟಿಯೊಂದು ಕಿತ್ತುಹೋಗಿದೆ ಎಂಬ ದೂರು ವಿಳಾಸದ ಸಮೇತ ತಪ್ಪಿ ಅವಳ ಮೇಜಿಗೆ ಬಂತು. ಮಾದರಿ ಮನೆಯವರನ್ನು ಕಂಪನಿಯವರು ಭೇಟಿ ಮಾಡುವಂತಿಲ್ಲ. ಜೆಸಿಂತಾ ರಜೆ ಹಾಕಿ ಹರಿಹರದ ರೈಲು ಹತ್ತಿದಳು.

ಮನೆ ಸಿಕ್ಕಿತು. ಮಧ್ಯಾಹ್ನ; ಗಂಡ ಹೆಂಡತಿ ಇಬ್ಬರೂ ಇದ್ದರು. ಕುಡಿಯಲು ನೀರು ಕೊಟ್ಟರು. ಲೋಟ ಎತ್ತುವಾಗ ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲಿ ಇಂಚರಾಳ ಫೋಟೋ ಇತ್ತು, ಗಂಧದ ಹಾರ ಹಾಕಿದ್ದರು.

ಜೆಸಿಂತಾ ಲೋಟ ಕೆಳಗಿಟ್ಟಳು. ತಾನು ಯಾರು ಎಂದು ಹೇಳಿ, ತನ್ನ ಫೋನ್ ನಂಬರ್ ಬರೆದುಕೊಟ್ಟಳು. ಪಟ್ಟಿ ಏನು ಓದುತ್ತದೆ, ಯಂತ್ರ ಏನು ಮಾಡುತ್ತದೆ, ತನಗೆ ತಿಳಿದಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಕೊಟ್ರೇಶ ತಲೆ ತಗ್ಗಿಸಿ ಕೇಳಿದ. ದಾಕ್ಷಾಯಣಿ ಕಣ್ಣು ಮಿಟುಕಿಸದೆ ಕೇಳಿದಳು.

"ಅಂದ್ರೆ ನನ್ನ ನೋಡಿ ಆ ಮಗು ಹಂಗಾಗೈತೆ," ಅಂದಳು.

"ನಿಮ್ಮ ನಾಡಿ ನೋಡಿ."

"ನಾನೇ ಅವಳನ್ನ ಕರ್ಕೊಂಡು ಬಂದೀನಿ."

"ಹಾಗಲ್ಲ ಅಮ್ಮ..."

"ಜ್ವರನೂ ನಾನೇ ತರ್ಸಿದ್ದಾ?"

ಜೆಸಿಂತಾ ಕೆಳಗಿಟ್ಟ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹೇಳ್ರಿ ಮೇಡಮ್ಮಾರೆ. ನಾನು ಹೆದರ್ತೀನಿ ಅಂತ ಅವಳಿಗೆ ಜ್ವರ ಬರ್ತೈತಾ?"

"ಹೌದು," ಅಂದಳು ಜೆಸಿಂತಾ.

ಕೊಟ್ರೇಶ ಎದ್ದು ಹೆಂಡತಿಯ ಕೈ ಹಿಡಿದು ಪಟ್ಟಿ ಬಿಚ್ಚಲು ಹೋದ. ದಾಕ್ಷಾಯಣಿ ಕೈ ಎಳೆದುಕೊಂಡಳು. "ಬ್ಯಾಡ. ನಾನು ಹೆದರಲ್ಲ. ಇವತ್ತಿಂದ ಹೆದರಲ್ಲ."

ಆ ಸಂಜೆಯಿಂದ ಅವಳು ಹೆದರದಿರಲು ಕಲಿಯತೊಡಗಿದಳು. ಉಸಿರು ಎಣಿಸಿದಳು. ಶಿವನಾಮ ಹೇಳಿದಳು. ಔಷಧದ ಅಂಗಡಿಯಿಂದ ನಿದ್ರೆಯ ಗುಳಿಗೆ ತಂದು, ಅರ್ಧ ನುಂಗಿ ಕೂತಳು. ಇಂಚರಾ ಹಾಸಿಗೆಯಲ್ಲಿ ಮುಲುಗಿದಾಗ ಗೋಡೆಯನ್ನು ನೋಡುವಂತೆ ನೋಡಿದಳು. ಬೆಂಗಳೂರಿಗೆ ವಾಪಸಾಗಿದ್ದ ಜೆಸಿಂತಾ ಆ ಮನೆಯ ಗೆರೆ ನಿದ್ದೆ ಹೋದವರ ಗೆರೆಯಂತೆ ಮಲಗಿದ್ದು ಕಂಡು, ಏನು ನಡೆಯುತ್ತಿದೆ ಎಂದು ಅರ್ಥಮಾಡಿಕೊಂಡಳು. ಜ್ವರ ನಿಜಕ್ಕೂ ಬಿಟ್ಟಿತು. ಇಂಚರಾ ಎದ್ದು ಆಡಿದಳು.

ಯಂತ್ರಕ್ಕೆ ಮಾತ್ರ ಆ ಮಗುವಿನಿಂದ ಈಗ ಏನೂ ಹುಟ್ಟುತ್ತಿಲ್ಲ ಎಂದಷ್ಟೇ ಕಂಡಿತು. ಅವಳ ಭಾಗ ಮೊಟಕಾಯಿತು. ನಿಮಿಷವಾಯಿತು, ಅರೆನಿಮಿಷವಾಯಿತು, ಆಮೇಲೆ ಒಂದು ಸಂಜೆ ಬರಲೇ ಇಲ್ಲ. ದಾಕ್ಷಾಯಣಿ ಕಂತು ಮುಗಿಯುವವರೆಗೂ ಉಸಿರು ಎಣಿಸುತ್ತಲೇ ಇದ್ದಳು. ಮರುದಿನವೂ ಬರಲಿಲ್ಲ. ಮೂರನೆಯ ಸಂಜೆ ಒಳಗಿನ ಕೋಣೆಯಿಂದ "ಅವ್ವಾ" ಎಂಬ ದನಿ ಮಾತ್ರ ಕೇಳಿತು. ದಾಕ್ಷಾಯಣಿಯ ಎದೆ ನೆಗೆಯಿತು. ಯಂತ್ರ ಅದನ್ನು ಬಿಡಲಿಲ್ಲ. ಆ ದನಿಯನ್ನು ಹಿಡಿದು ಅಡುಗೆಮನೆಗೆ ಹೋಯಿತು. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು, ಇಂಚರಾ ಪಾತ್ರೆಯ ಹಿಡಿಗೆ ಕೈ ಚಾಚಿದ್ದಳು. ದಾಕ್ಷಾಯಣಿಯ ನಾಡಿ ಏರಿದಂತೆ ಆ ಕೈ ಮುಂದೆ ಹೋಯಿತು.

ಹಾಲು ಹುಡುಗಿಯ ಮೈಮೇಲೆ ಬಿತ್ತು.

ಕೊಟ್ರೇಶ ಟೂಲ್ ಡಬ್ಬಿಯಿಂದ ಕಟಿಂಗ್ ಪ್ಲೇಯರ್ ತಂದು ಹೆಂಡತಿಯ ಮಣಿಕಟ್ಟು ಹಿಡಿದ. ಅವಳು ಅವನ ಕೈ ಕಚ್ಚಿದಳು. ರಕ್ತ ಬಂದರೂ ಬಿಡಲಿಲ್ಲ. ಕೊನೆಗೆ ಅವನೇ ಬಿಟ್ಟ. ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಕೂತರು. ಟಿವಿಯಲ್ಲಿ ಮಗು ಇನ್ನೂ ಚೀರುತ್ತಿತ್ತು.

"ಬಂದಳಲ್ಲ," ಅಂದಳು ದಾಕ್ಷಾಯಣಿ.

*

ಮರುದಿನ ಬೆಳಿಗ್ಗೆ ಜೆಸಿಂತಾ ಹೆಬ್ಬಾರನ ಕೋಣೆಗೆ ಹೋಗಿ, ತಾನು ಆ ಮನೆಗೆ ಹೋಗಿದ್ದೆ, ಎಲ್ಲವನ್ನೂ ಹೇಳಿದ್ದೇನೆ ಅಂದಳು. ಗುಟ್ಟು ಬಯಲಾದ ಮನೆಯನ್ನು ಮಾದರಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನಿಯಮ ಹಾಗಿತ್ತು. ಅವಳಿಗೆ ಬೇಕಿದ್ದುದೂ ಅದೇ. ಮನೆಯನ್ನು ತೆಗೆದರು. ಅವಳನ್ನೂ ತೆಗೆದರು. ಅವಳು ಸಾಮಾನು ಕಟ್ಟಿಕೊಂಡು ಮಂಗಳೂರಿಗೆ, ತಾಯಿಯ ಮನೆಗೆ ಹೋದಳು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವಿತ್ತು.

ಹರಿಹರದ ಮನೆಗೆ ಬದಲಾಗಿ ದಾವಣಗೆರೆಯ ಒಂದು ಮನೆ ಬಂತು. ಅಲ್ಲಿದ್ದ ನಿವೃತ್ತ ಗುಮಾಸ್ತರಿಗೆ ಅಣ್ಣತಮ್ಮಂದಿರ ಆಸ್ತಿ ಜಗಳವೆಂದರೆ ಪ್ರೀತಿ. ಮೊದಲ ಸಂಜೆಯೇ ಧಾರಾವಾಹಿಯ ಹಿರಿಯ ಸೊಸೆ, ಕಾಫಿ ಸೋಸುತ್ತ, "ಇಂಚರಾನ ಹಾಸ್ಟೆಲಿಗೆ ಸೇರಿಸಿದ್ರು," ಅಂದಳು. ಅಷ್ಟೆ. ಸುಟ್ಟ ಗಾಯ ವಾಸಿಯಾಯಿತೇ ಇಲ್ಲವೇ ಎಂದೂ ಯಾರೂ ಹೇಳಲಿಲ್ಲ.

ಊರೂರಿಂದ ಚಾನೆಲ್‌ಗೆ ಫೋನುಗಳು ಹೋದವು. ಮಕ್ಕಳು ಊಟ ಬಿಟ್ಟು ಹಟ ಮಾಡಿದರು. ಯಾವುದೂ ಲೆಕ್ಕಕ್ಕೆ ಬರಲಿಲ್ಲ, ಯಾಕೆಂದರೆ ಅವರಾರೂ ಮಾದರಿ ಮನೆಯವರಲ್ಲ.

ಜೆಸಿಂತಾಳಿಗೆ ಒಂದು ಬೆಳಿಗ್ಗೆ ಫೋನ್ ಬಂತು.

"ನಾನು ಹರಿಹರದಿಂದ ದಾಕ್ಷಾಯಣಿ. ನಮ್ಮನೇನ ಮತ್ತೆ ಸೇರ್ಸಿ."

"ನಾನೀಗ ಆ ಕೆಲಸದಲ್ಲಿಲ್ಲ ಅಮ್ಮ. ಇದ್ದಿದ್ದರೂ ಸೇರಿಸ್ತಿರಲಿಲ್ಲ. ಸ್ವಲ್ಪ ದಿನ ಕಷ್ಟ ಆಗುತ್ತೆ. ಆಮೇಲೆ..."

"ಆಮೇಲೆ ಏನಾಗ್ತೈತೆ ಅಂತ ನಂಗೊತ್ತು. ಹೋದ ವರ್ಷ ನೋಡೀನಿ," ಅಂದಳು ದಾಕ್ಷಾಯಣಿ. "ಮೊದಲ್ನೇ ಸಲ ಅವಳು ಜ್ವರದಾಗೆ ಹೋದ್ಲು. ಅದ್ರಾಗೆ ಯಾರ ತಪ್ಪೂ ಇರಲಿಲ್ಲ. ಈ ಸಲ ನೀವು ಕಳೆದ್ರಿ. ಯಾರನ್ನ ಕೇಳಬೇಕು ಅಂತನಾದ್ರೂ ಹೇಳ್ರಿ."

ಜೆಸಿಂತಾ ಹೇಳಬಾರದು ಎಂದುಕೊಂಡಳು. ಆದರೂ ಹೆಬ್ಬಾರನ ಹೆಸರು ಹೇಳಿದಳು.

ದಾಕ್ಷಾಯಣಿಯ ಫೋನ್ ಹೆಬ್ಬಾರನಿಗೆ ಸಕಾಲಕ್ಕೆ ಬಂತು. ಗುಮಾಸ್ತರ ಸಂಖ್ಯೆ ಹಳೆಯ ಎತ್ತರದ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಿಂದೆ ಇದ್ದದ್ದು ಏನಾಯಿತೆಂದು ಚಾನೆಲ್‌ನವರು ಕೇಳುತ್ತಿದ್ದರು. ಗುಟ್ಟಾಗಿರಬೇಕೆಂಬ ನಿಯಮ ಮಾದರಿ ಮನೆಗಳಿಗೆ ಮಾತ್ರ. ಮನೆಯೇ ಅಲ್ಲದಿದ್ದರೆ ನಿಯಮವೂ ಇಲ್ಲ. ಹೆಬ್ಬಾರ ಒಂದು ದಾರಿ ಹೇಳಿದ: ದಾಕ್ಷಾಯಣಿ ಬೆಂಗಳೂರಿಗೆ ಬಂದು ಕಂಪನಿಯ ಕಟ್ಟಡದಲ್ಲೇ ಇರಬೇಕು, ಅಳತೆಗೆ ಅಲ್ಲ, ಚಾನೆಲ್‌ನ ಸಲಹೆಗಾರಳಾಗಿ. ಅವಳ ನಾಡಿ ಇನ್ನು ಹರಿಹರದ ಕಡೆಗೆ ಮಾತ್ರವಲ್ಲ, ಇಡೀ ರಾಜ್ಯಕ್ಕೆ.

ಕೊಟ್ರೇಶ ಅವಳನ್ನು ತಡೆಯಲಿಲ್ಲ. ಕಚ್ಚಿದ ಗಾಯ ಮಾಸುತ್ತಿತ್ತು. ಇಂಚರಾ ಹೋದ ಮೇಲೂ ತಾನು ಏಳೂವರೆಗೆ ಸರಿಯಾಗಿ ಮನೆ ಸೇರುತ್ತಿರುವುದು ಅವನಿಗೆ ಗೊತ್ತಿತ್ತು. ಅದನ್ನು ಹೆಂಡತಿಗೆ ಹೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತು ನಡೆದ.

*

ಇಂಚರಾ ಹಾಸ್ಟೆಲಿನಿಂದ ಮರಳಿದಳು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಇಂಚರಾ. ಕೊಟ್ರೇಶ ಕೆಲವು ವಾರ ನೋಡಿದ, ಆಮೇಲೆ ತಡೆಯಲಾರದೆ ಬೆಂಗಳೂರಿನ ಬಸ್ಸು ಹತ್ತಿದ. ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ಅವನು ತಲುಪುವಷ್ಟರಲ್ಲಿ ಸಂಜೆಯಾಗಿತ್ತು.

ದಾಕ್ಷಾಯಣಿ ಇದ್ದ ಕೋಣೆ ಚೊಕ್ಕಟವಾಗಿತ್ತು. ಒಂದು ಒರಗು ಕುರ್ಚಿ, ಗೋಡೆಯಗಲದ ಪರದೆ. ಅವಳು ಸ್ವಲ್ಪ ಮೈತುಂಬಿಕೊಂಡಿದ್ದಳು. ಎದೆಗೂ ಹಣೆಗೂ ತೆಳ್ಳನೆಯ ತಂತಿಗಳಿದ್ದವು. ಅವನನ್ನು ನೋಡಿ ನಕ್ಕಳು. ಉಂಡ್ರಾ ಅಂತ ಕೇಳಿದಳು.

"ಈಗ ನಂಗೆ ಹದ ಸಿಕ್ಕೈತೆ," ಅಂದಳು. "ಒಂಚೂರು ಹೆದರಬೇಕು. ಜಾಸ್ತಿ ಹೆದರಬಾರದು. ಮೊಣಕಾಲು ತರಚಿದ್ರೆ, ಒಂದಿಷ್ಟು ನೆಗಡಿ ಬಂದ್ರೆ ಸಾಕು, ಅವಳು ಇರ್ತಾಳೆ. ನೋಡಿದ್ರಲ್ಲ, ಹೋದ ವಾರ ಪೂರ್ತಿ ಆರಾಮಿದ್ಲು."

"ಮನೆಗೆ ಬಾ."

"ನೀವು ಇಲ್ಲಿಗೆ ಬರ್ತಿರ್ರಿ."

"ನೀನು ನೋಡ್ತಿರೋದು ಭುವಿ ಅಲ್ಲ."

"ಗೊತ್ತು."

"ಗೊತ್ತಿದ್ದೂ ಕುಂತೀಯಲ್ಲ."

"ನಂಗೊತ್ತು ರೀ. ಅವಳಿಗೆ ಗೊತ್ತಿಲ್ಲ."

ಕೊಟ್ರೇಶನಿಗೆ ಸಿಟ್ಟು ಬಂತು. ಇಷ್ಟು ದಿನ ಬಾರದೆ ಇದ್ದದ್ದೆಲ್ಲ ಒಟ್ಟಿಗೆ ಬಂತು. ಆಸ್ಪತ್ರೆಯಲ್ಲಿ ಸತ್ತವಳು ನನ್ನ ಮಗಳೂ ಹೌದು, ನಾನು ಯಾವ ಪೆಟ್ಟಿಗೆಯ ಮುಂದೆ ಕೂರಲಿ ಎಂದು ಕೇಳಿದ. ನೀನು ಬರದಿದ್ದರೆ ಇನ್ನು ನಾನು ಬರುವುದಿಲ್ಲ, ನನಗೂ ಒಬ್ಬಳು ಹೆಂಡತಿಯಿದ್ದಳು ಅಂತ ತಿಳಿದುಕೊಳ್ಳುತ್ತೇನೆ ಅಂದ. ದಾಕ್ಷಾಯಣಿಯ ಮುಖ ಬಿಳುಚಿತು. ಎದೆಯ ಮೇಲಿನ ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಹೊರಗೆ ಹೋಗ್ರಿ," ಅಂದಳು. "ಏಳೂವರೆ ಆಗ್ತಾ ಬಂತು. ಈಗ ನನ್ನ ಹಿಂಗ್ ಮಾಡಬ್ಯಾಡ್ರಿ. ದಮ್ಮಯ್ಯ ಹೋಗ್ರಿ."

ಒಬ್ಬ ನರ್ಸ್ ಬಂದು ಅವನನ್ನು ಹೊರಗೆ ಕರೆದೊಯ್ದಳು. ಕೆಳಗಿನ ರಿಸೆಪ್ಷನ್ನಿನಲ್ಲಿ ಗೋಡೆಗೆ ದೊಡ್ಡ ಟಿವಿ. ಕಂತು ಶುರುವಾಗಿತ್ತು. ಕೆಲಸದವರೆಲ್ಲ ನಿಂತು ನೋಡುತ್ತಿದ್ದರು.

ಇಂಚರಾ ಮನೆಯ ತಾರಸಿ ಮೇಲೆ ಹಪ್ಪಳ ಕಾಯುತ್ತಿದ್ದಳು. ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆದರೆ ಮೇಲೆ ಆ ಕೋಣೆಯಲ್ಲಿ ಒಂದು ಎದೆ ಹೊಡೆದುಕೊಳ್ಳುತ್ತಿತ್ತು. ಅದು ಗಂಡನ ಮಾತಿಗೆ ಹೊಡೆದುಕೊಳ್ಳುತ್ತಿದೆ ಎಂದು ಯಂತ್ರಕ್ಕೆ ತಿಳಿಯುವ ಬಗೆಯಿರಲಿಲ್ಲ. ತಾರಸಿಗೆ, ಹುಡುಗಿಗೆ, ಗೋಡೆಯಂಚಿಗೆ ಹೊಡೆದುಕೊಳ್ಳುತ್ತಿದೆ ಎಂದೇ ಅದು ತಿಳಿಯಿತು. ಕಾಗೆಯೊಂದು ಹಪ್ಪಳ ಕಚ್ಚಿಕೊಂಡು ಗೋಡೆಯಂಚಿಗೆ ಹೋಗಿ ಕೂತಿತು. ಇಂಚರಾ ಎಡಗೈಯಿಂದ ಲಂಗ ಎತ್ತಿ ಹಿಡಿದು ಅದರ ಹಿಂದೆ ಓಡಿದಳು. ಗೋಡೆ ಗಿಡ್ಡವಿತ್ತು. ಕೊಟ್ರೇಶ ಮೆಟ್ಟಿಲ ಕಡೆ ಓಡಿದ. ಕಾವಲಿನವರು ಹಿಡಿದುಕೊಂಡರು. ಹಿಂದೆ ನಿಂತವರೆಲ್ಲ ಒಟ್ಟಿಗೆ ಉಸಿರೆಳೆದ ಸದ್ದು ಕೇಳಿತು. ಅವನು ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಬ್ಬಾರ ಕೆಳಗೆ ಬಂದ. ಮುಖ ಅರಳಿತ್ತು. ಕೊಟ್ರೇಶನ ಭುಜದ ಮೇಲೆ ಕೈಯಿಟ್ಟು, "ಇಂಥ ಸಂಖ್ಯೆ ನಾವು ಇಲ್ಲಿಯವರೆಗೆ ಕಂಡಿರಲಿಲ್ಲ," ಅಂದ. "ನಿಮ್ಮವರು ಈಚೆಗೆ ಸ್ವಲ್ಪ ಶಾಂತವಾಗಿಬಿಟ್ಟಿದ್ದರು. ನೀವು ಆಗಾಗ ಬರ್ತಾ ಇರಿ. ಹೋಗಿಬರೋದಕ್ಕೆ ಕಾರು ನಾವೇ ಕಳಿಸ್ತೀವಿ."

ಕೊಟ್ರೇಶ ಮತ್ತೆ ಹೋಗಲಿಲ್ಲ. ಹೋದರೆ ಏನಾಗುತ್ತದೆಂದು ಕಂಡಿದ್ದ. ದಾಕ್ಷಾಯಣಿ ಫೋನ್ ಮಾಡಿದರೆ ಎತ್ತಲಿಲ್ಲ. ದನಿ ಕೇಳಿದರೂ ಅವಳ ಎದೆ ಹದ ತಪ್ಪಬಹುದು ಎಂದು ಹೆದರಿದ. ಹೇಳಿದ ಹಾಗೇ ಮಾಡಿದ, ನನ್ನನ್ನು ಬಿಟ್ಟ ಎಂದು ಅವಳು ತಿಳಿದಳು. ಆದರೂ ಬರಬಹುದೆಂದು ಕಾದಳು. ಕಂತು ಓಡುವಾಗಲೂ ಅವಳ ಒಂದು ಕಿವಿ ಬಾಗಿಲ ಕಡೆಗಿರುತ್ತಿತ್ತು. ಯಂತ್ರ ಅದನ್ನೂ ಓದಿತು. ಏನೇನನ್ನೋ ತೋರಿಸಿ ನೋಡಿ, ಬಾಗಿಲು ತೋರಿಸಿದಾಗ ಸಂಖ್ಯೆ ಏರುವುದನ್ನು ಕಂಡುಕೊಂಡಿತು.

ತಾರಸಿಯಿಂದ ಬಿದ್ದ ಇಂಚರಾ ಬದುಕಿದ್ದಳು, ಆದರೆ ನಡೆಯುತ್ತಿರಲಿಲ್ಲ. ಕಥೆಯಲ್ಲಿ ಇದುವರೆಗೆ ಇಲ್ಲದಿದ್ದ ಅಪ್ಪನೊಬ್ಬ ಅವಳಿಗೆ ಹುಟ್ಟಿಕೊಂಡ, ದೂರದ ಊರಲ್ಲಿರುವವನು. ಅಡುಗೆಯವಳು ದಿನಾ ಸಂಜೆ ಮಗಳನ್ನು ಎತ್ತಿ ತಂದು ಬಾಗಿಲ ಬಳಿ ಕೂರಿಸುತ್ತಿದ್ದಳು. ಹುಡುಗಿ ದಾರಿ ನೋಡುತ್ತ ಕೂರುತ್ತಿದ್ದಳು. ಕಂತು ಅಲ್ಲಿಗೇ ಮುಗಿಯುತ್ತಿತ್ತು.

ಪಂಪ್‌ಹೌಸಿಗೆ ಗಂಗಾವತಿಯಿಂದ ಹನುಮೇಶ ಎಂಬ ಹೊಸ ಆಪರೇಟರ್ ವರ್ಗವಾಗಿ ಬಂದಿದ್ದ. ಕೊಟ್ರೇಶನ ಮನೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಒಂದು ಸಂಜೆ ಪಾಳಿ ಬದಲಾಗುವಾಗ ಅವನು ಮೊಬೈಲಿನಲ್ಲಿ ಕಂತು ನೋಡುತ್ತಿದ್ದ. ನೋಡಿ ಮುಗಿಸಿ, ಕಣ್ಣೊರೆಸಿಕೊಂಡು, "ಅಣ್ಣಾರ, ಈ ಕೂಸಿನ ಅಪ್ಪಗ ಎಂಥಾ ಕಲ್ಲೆದಿ ಇರಬೇಕ್ರಿ," ಅಂದ.

"ಹೌದು," ಅಂದ ಕೊಟ್ರೇಶ. ಚಪ್ಪಲಿ ಮೆಟ್ಟಿ ಮನೆಯ ಕಡೆ ನಡೆದ. ಬೀದಿಯ ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು, ಜನ ಆಗತಾನೇ ಟಿವಿ ಆರಿಸಿ ಊಟಕ್ಕೆ ಏಳುತ್ತಿದ್ದರು.